ಕರೆಂಟ್ ಹೋಗಿ ಬಂದ ಮೇಲೆ ಮೇಲ್ ಸರ್ವರ್ ರೀಡ್-ಓನ್ಲಿ: ಪ್ರತಿಕ್ರಿಯೆ

ನಿಮ್ಮ ಮೇಲ್ ಸರ್ವರ್‌ನ ಡಿಸ್ಕ್ ತುಂಬಿಲ್ಲ, ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳ ಲೆಕ್ಕ ಇಡುವ ವ್ಯವಸ್ಥೆ) ಏಟು ತಿಂದಿದೆ. ನಿಮ್ಮೂರು ಸಾಗರದಲ್ಲಿ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಲಾಗ್‌ನಲ್ಲಿ ರೀಡ್-ಓನ್ಲಿ (ಓದಬಹುದು, ಬರೆಯೋಕಾಗಲ್ಲ) ಅಂತ ಬರ್ತಿದೆ, ಜಾಗ ಅರ್ಧ ಖಾಲಿ ಇದೆ ಅಂದಿರಲ್ಲ, ಅದು ಇದೇ ಲಕ್ಷಣ.

ಸುಮ್ನೆ ರೀಬೂಟ್ ಮಾಡಬೇಡಿ. ಮೊದಲು ಪೋಸ್ಟ್‌ಫಿಕ್ಸ್ (ಮೇಲ್ ತರುವ-ಕಳಿಸುವ ಪ್ರೋಗ್ರಾಂ), ಡವ್‌ಕಾಟ್ (ಬಂದ ಮೇಲ್ ಓದಿಸುವ ಪ್ರೋಗ್ರಾಂ) ಎರಡನ್ನೂ ನಿಲ್ಲಿಸಿ. ಬರುವ ಮೇಲ್ ಕಳೆದುಹೋಗಲ್ಲ. ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ 4-5 ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ.

ಆಮೇಲೆ ಡಿಮೆಸೇಜ್ (dmesg, ಕರ್ನಲ್ ಬರೆದಿಡುವ ಸಂದೇಶಗಳು) ನೋಡಿ. ಐ/ಒ ಎರರ್ (ಡಿಸ್ಕ್ ಓದು-ಬರಹದ ತಪ್ಪು) ಇದ್ದರೆ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಪಟ್ಟಿ) 5 (ಕೆಟ್ಟು ಬದಲಾದ ಜಾಗಗಳು), 197 (ಓದಲಾಗದೆ ಅನುಮಾನದಲ್ಲಿರುವ ಜಾಗಗಳು), 199 (ಡೇಟಾ ಸಾಗಣೆಯ ತಪ್ಪುಗಳು) ಈ ಮೂರು ಸಂಖ್ಯೆಯ ಸಾಲುಗಳ ಕೊನೆಯ ಅಂಕಿ ಓದಿ. 197 ಸೊನ್ನೆ ಇಲ್ಲದಿದ್ದರೆ, ಅಥವಾ 5 ಏರುತ್ತಿದ್ದರೆ, ಡಿಸ್ಕ್ ನಂಬಬೇಡಿ. ಎಫ್‌ಎಸ್‌ಸಿಕೆ (fsck, ಫೈಲ್‌ಸಿಸ್ಟಮ್ ರಿಪೇರಿ ಕಮಾಂಡ್) ಮುಟ್ಟದೆ ಡಿಡಿರೆಸ್ಕ್ಯೂನಿಂದ (ddrescue, ಕೆಟ್ಟ ಡಿಸ್ಕ್ ನಕಲಿಸುವ ಪ್ರೋಗ್ರಾಂ) ಹೊಸ ಡಿಸ್ಕ್‌ಗೆ ನಕಲು ತೆಗೆಯಿರಿ, ರಿಪೇರಿ ಆ ನಕಲಿನ ಮೇಲೆ ಮಾತ್ರ. 199 ಮಾತ್ರ ಏರಿದ್ದರೆ ಕೇಬಲ್ ತಕರಾರು. ತೀರ್ಥಹಳ್ಳಿಯಲ್ಲಿ ನಾನು ನೋಡಿಕೊಳ್ಳುವ ಸರ್ವರ್ ಡಬ್ಬ ಬಿಚ್ಚಿದಾಗ ಪವರ್ ಪಿನ್ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಆಷಾಢದ ಥಂಡಿ, ಇನ್ನೇನು! ನಿಮ್ಮಲ್ಲಿ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಕಾರ್ಡ್) ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಇದ್ದರೆ ಈ ಅಂಕಿಗಳು ನೇರವಾಗಿ ಕಾಣದೇ ಇರಬಹುದು.

ಡಿಸ್ಕ್ ಸರಿಯಿದ್ದರೆ ಮೇಲ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಮೇಲ್ ಇರುವ ಭಾಗ) ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಮ್‌ನಿಂದ ಬಿಡಿಸಿ, ಎಫ್‌ಎಸ್‌ಸಿಕೆ ಓಡಿಸಿ. ಮೌಂಟ್ ಆಗಿರುವಾಗ ಬೇಡವೇ ಬೇಡ, ಇನ್ನೂ ಹಾಳಾಗುತ್ತೆ. ಅದು ರೂಟ್ ಪಾರ್ಟಿಷನ್ನೇ (ಸಿಸ್ಟಮ್ ಓಡುವ ಮುಖ್ಯ ಭಾಗ) ಆದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ.

ಮುಗಿದ ಮೇಲೆ ಲಾಸ್ಟ್+ಫೌಂಡ್ ಫೋಲ್ಡರ್ ಇಣುಕಿ. ಹೆಸರು ಕಳೆದುಕೊಂಡ ಮೇಲ್‌ಗಳು ಬರೀ ನಂಬರ್ ಹೊತ್ತು ಅಲ್ಲಿ ಕೂತಿರುತ್ತವೆ. ತೆರೆದರೆ ಯಾರಿಗೆ ಬಂದದ್ದು ಅಂತ ಮೇಲಿನ ಸಾಲುಗಳಲ್ಲೇ ಇರುತ್ತೆ. ಮತ್ತೆ ಹೀಗಾಗದಂತೆ ಯುಪಿಎಸ್ ಬ್ಯಾಟರಿ ಬದಲಿಸಿದ ಮೇಲೇ ಸರ್ವೀಸ್ ಶುರು ಮಾಡಿ.