ಬ್ರಿಟನ್‌ನಿಂದ ಆಸ್ಟ್ರೇಲಿಯಾಕ್ಕೆ ಹೋಗುವಾಗ ವೀಸಾ ಬಿಟ್ಟು ಇನ್ನೇನು ಕಷ್ಟ ಇರುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ಲೀಡ್ಸ್‌ಗೆ ಬಂದು ಏಳು ವರ್ಷ ಆಗಿದೆ, ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ಆಗಿ ಇರುವ ಅನುಮತಿ) ಸಿಕ್ಕಿ ಆರು ತಿಂಗಳು, ಅಲ್ಲೇ ಹುಟ್ಟಿದ ಆರು ವರ್ಷದ ಮಗ ಇದ್ದಾನೆ, ಮೆಲ್ಬರ್ನ್‌ಗೆ ಹೋಗೋಣ ಅಂತಿದ್ದೀರಿ. ವೀಸಾ ಕೆಲಸ ಏಜೆಂಟ್ ನೋಡಿಕೊಳ್ಳುತ್ತಾರೆ, ಉಳಿದಂತೆ ಏನೇನು ತೊಂದರೆ ಬರಬಹುದು ಅಂತ ಕೇಳಿದ್ದೀರಿ.

ನಾವು ಒಂಬತ್ತು ವರ್ಷ ರೆಡಿಂಗ್‌ನಲ್ಲಿದ್ದು 2024ರ ಜೂನ್‌ನಲ್ಲಿ ಮೆಲ್ಬರ್ನ್‌ಗೆ ಬಂದವರು. ನಾನು, ನಮ್ಮನೆಯವರು, ಮಗಳು. ಊರು ತೀರ್ಥಹಳ್ಳಿ ಕಡೆ. ಊರಿಂದ ಇಂಗ್ಲೆಂಡಿಗೆ ಹೋದಾಗ ಎಲ್ಲವೂ ಹೊಸದು ಅಂತ ಗೊತ್ತಿತ್ತು. ಅದಕ್ಕೇ ಪ್ರತಿಯೊಂದನ್ನೂ ನಾಲ್ಕು ಜನರನ್ನು ಕೇಳಿ ಮಾಡಿದೆವು. ಇಲ್ಲಿಗೆ ಬರುವಾಗ ಯಾರನ್ನೂ ಕೇಳಲಿಲ್ಲ. ಅದೇ ಇಂಗ್ಲಿಷ್, ಅದೇ ಎಡಗಡೆ ಓಡಿಸುವ ಗಾಡಿ. ಬಿಸಿಲು ಜಾಸ್ತಿ ಇರುವ ಇಂಗ್ಲೆಂಡ್ ಅಂದುಕೊಂಡು ಬಂದೆವು. ನಮಗೆ ಪೆಟ್ಟು ಬಿದ್ದದ್ದೆಲ್ಲ ಅಲ್ಲೇ. ನೋಡಲು ಒಂದೇ ಥರ ಕಾಣುವ ವಿಷಯಗಳೇ ಇಲ್ಲಿ ಬೇರೆ ಥರ ನಡೆಯುತ್ತವೆ.

ಮೊದಲು ನಿಮ್ಮ ಐಎಲ್‌ಆರ್ ವಿಷಯ. ಏಜೆಂಟ್ ಆಸ್ಟ್ರೇಲಿಯಾ ವೀಸಾ ನೋಡುತ್ತಾರೆ, ಹಿಂದೆ ಬಿಟ್ಟು ಹೋಗುವುದನ್ನು ನೋಡುವುದಿಲ್ಲ. ಬ್ರಿಟನ್ನಿನಿಂದ ಸತತವಾಗಿ ಎರಡು ವರ್ಷ ಹೊರಗಿದ್ದರೆ ಐಎಲ್‌ಆರ್ ಹೋಗುತ್ತದೆ. ಮತ್ತೆ ಬೇಕೆಂದರೆ ಬೇರೆ ಅರ್ಜಿ ಹಾಕಿ, ಅಲ್ಲಿ ನಿಮಗೆ ಇನ್ನೂ ಗಟ್ಟಿ ನಂಟಿದೆ ಅಂತ ತೋರಿಸಬೇಕು. ನಾವು ಆಸ್ಟ್ರೇಲಿಯಾದ ಯೋಚನೆ ಬರುವ ಮೊದಲೇ ಬ್ರಿಟಿಷ್ ಪೌರತ್ವ ತೆಗೆದುಕೊಂಡಿದ್ದೆವು, ಹಾಗಾಗಿ ಈ ಚಿಂತೆ ಇರಲಿಲ್ಲ. ನೀವು ಪೌರತ್ವಕ್ಕೆ ಅರ್ಜಿ ಹಾಕಲು ಐಎಲ್‌ಆರ್ ಬಂದು ಒಂದು ವರ್ಷ ಆಗಬೇಕು. ಆ ಅರ್ಜಿಯಲ್ಲಿ ಮುಂದೆಯೂ ಬ್ರಿಟನ್ನಿನಲ್ಲೇ ಇರುವ ಉದ್ದೇಶ ಇದೆಯಾ ಅಂತ ಕೇಳುತ್ತಾರೆ. ಅಲ್ಲಿ ದಯವಿಟ್ಟು ಸುಳ್ಳು ಬರೆಯಬೇಡಿ. ಗಂಡ ಹೆಂಡತಿ ಕೂತು, ಇದು ಒಂದೇ ದಾರಿಯ ಪಯಣವಾ, ವಾಪಸ್ ಬರುವ ಬಾಗಿಲು ಬೇಕಾ ಅಂತ ಈಗಲೇ ಬಿಡಿಸಿ ಮಾತಾಡಿಕೊಳ್ಳಿ. ವಯಸ್ಸನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಲ್ಲಿನ ವೀಸಾಕ್ಕೆ ಲೆಕ್ಕ ಹಾಕುವ ಪಾಯಿಂಟ್ಸ್‌ನಲ್ಲಿ ವಯಸ್ಸಿಗೆ 33ರಿಂದ 39ರವರೆಗೆ 25 ಸಿಗುತ್ತದೆ. 40 ತುಂಬಿದ ದಿನ ಅದು 15ಕ್ಕೆ ಇಳಿಯುತ್ತದೆ. 45ಕ್ಕೆ ಬಾಗಿಲೇ ಮುಚ್ಚುತ್ತದೆ.

ಮಗನದ್ದು ಬೇರೆ. ಅವನು ಅಲ್ಲೇ ಹುಟ್ಟಿದವನು, ನಿಮಗೆ ಈಗ ಐಎಲ್‌ಆರ್ ಇದೆ. ಹಾಗಾಗಿ ಅವನನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಲು ಈಗಲೇ ಹಕ್ಕಿದೆ, ನಿಮ್ಮ ಥರ ಒಂದು ವರ್ಷ ಕಾಯಬೇಕಿಲ್ಲ. ಫೀ ಕಡಿಮೆ ಏನಿಲ್ಲ, ಇಂಡಿಯಾ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಬೇರೆ ದೇಶದ ಪ್ರಜೆಯಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಬೇಕಾಗುತ್ತದೆ. ಬೇಕು ಅನ್ನಿಸಿದರೆ ಹೊರಡುವ ಮೊದಲೇ ಮುಗಿಸಿ. ನೀವೂ ಮುಂದೆ ಒಸಿಐ ಆಗುವುದಾದರೆ ಒಂದು ಮಾತು ನೆನಪಿರಲಿ: ಒಸಿಐ ಇದ್ದವರು ಊರಲ್ಲಿ ಗದ್ದೆ, ತೋಟ ಕೊಳ್ಳುವ ಹಾಗಿಲ್ಲ. ಹಿರಿಯರಿಂದ ಬಂದದ್ದಾದರೆ ಇಟ್ಟುಕೊಳ್ಳಬಹುದು. ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ.

ವೀಸಾ ಬಗ್ಗೆ ಎರಡೇ ಮಾತು. ನೀವು ಐಟಿಯವರಾದರೆ ಎಸಿಎಸ್‌ನವರು (ಐಟಿಯವರ ಓದು, ಅನುಭವ ಅಳೆಯುವ ಇಲ್ಲಿನ ಸಂಸ್ಥೆ) ನಿಮ್ಮ ಅನುಭವದಲ್ಲಿ ಮೊದಲ ಎರಡು ವರ್ಷವೋ ನಾಲ್ಕು ವರ್ಷವೋ ಕಳೆದೇ ಲೆಕ್ಕ ಹಾಕುತ್ತಾರೆ. ಹತ್ತು ವರ್ಷ ಇದೆ ಅಂತ ಪಾಯಿಂಟ್ಸ್ ಕೂಡಿಸಿಟ್ಟುಕೊಂಡು ಆಮೇಲೆ ಬೇಜಾರಾಗಬೇಡಿ. ಇಂಗ್ಲಿಷ್ ಪರೀಕ್ಷೆಯೂ ಅಷ್ಟೇ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಕನಿಷ್ಠ ಮಟ್ಟಕ್ಕೆ ವಿನಾಯಿತಿ ಇದೆ, ಆದರೆ ಹೆಚ್ಚಿನ 20 ಪಾಯಿಂಟ್ಸ್ ಬೇಕೆಂದರೆ ಪರೀಕ್ಷೆ ಬರೆಯಲೇಬೇಕು. ನಾವು ಬರೆದೆವು. 2023ರ ಕೊನೆಗೆ 190 ಅನ್ನುವ ಕಾಯಂ ವಾಸದ (ಪಿಆರ್) ವೀಸಾಕ್ಕೆ ಹಾಕಿದಾಗ ಮುಖ್ಯ ಅರ್ಜಿದಾರರಿಗೆ 4,640 ಡಾಲರ್ ಇತ್ತು, ಸಂಗಾತಿಗೆ ಅದರ ಅರ್ಧ, ಮಗುವಿಗೆ ಕಾಲು. ಸಾಮಾನ್ಯವಾಗಿ ಪ್ರತಿ ಜುಲೈಗೆ ಏರುತ್ತದೆ.

ಈಗ ಮನೆ. ನಿಜವಾದ ಕಷ್ಟ ಇದೇ.

ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದ್ದೆವು. ಇಲ್ಲಿ ಅದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಬಾಡಿಗೆ ಮನೆ ನೋಡಲು ಏಜೆಂಟ್ ಒಂದು ಹೊತ್ತು ಕೊಡುತ್ತಾರೆ, ಶನಿವಾರ 11.15ರಿಂದ 11.30 ಅನ್ನೋ ಹಾಗೆ. ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನಲ್ಲಿ ನಾವು ನೋಡಿದ ಮೊದಲ ಮನೆ ಮುಂದೆ ಇಪ್ಪತ್ತೈದು ಜನ ನಿಂತಿದ್ದರು, ಅರ್ಧಕ್ಕರ್ಧ ನಮ್ಮ ಇಂಡಿಯಾದವರೇ. ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಡುಗೆ ಮನೆ ಕಪಾಟು ತೆರೆದು ನೋಡಿ, ಮತ್ತದೇ ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದು, ಅಲ್ಲೇ ಕಾಂಪೌಂಡಿಗೆ ಒರಗಿ ಮೊಬೈಲಿನಲ್ಲಿ ಅರ್ಜಿ ಹಾಕುತ್ತಿದ್ದರು. ನಾವು ಮನೆಗೆ ಹೋಗಿ ರಾತ್ರಿ ನಿಧಾನಕ್ಕೆ ತುಂಬಿದೆವು. ಅಷ್ಟೊತ್ತಿಗೆ ಮನೆ ಹೋಗಿತ್ತು. ಹೀಗೆ ಒಂಬತ್ತು ಮನೆ ಕೈತಪ್ಪಿತು.

ಹತ್ತನೆಯದು ಸಿಕ್ಕಿದ್ದು ಹೇಗೆ ಅಂದರೆ, ರೆಡಿಂಗ್‌ನ ಮನೆ ಮಾಲೀಕರು ಬರೆದುಕೊಟ್ಟ ಪತ್ರ, ಬ್ಯಾಂಕಿನಲ್ಲಿ ಆರು ತಿಂಗಳ ಬಾಡಿಗೆಯಷ್ಟು ದುಡ್ಡಿರುವ ಸ್ಟೇಟ್‌ಮೆಂಟ್, ನನ್ನ ಹಳೆ ಕಂಪನಿಯ ಪತ್ರ, ಇಷ್ಟನ್ನೂ ಒಂದೇ ಫೈಲ್ ಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡು, ಮನೆ ನೋಡಿದ ಹತ್ತು ನಿಮಿಷಕ್ಕೆ ಕಳಿಸಿದೆವು. ಲೀಡ್ಸ್ ಬಿಡುವ ಮೊದಲು ನಿಮ್ಮ ಮಾಲೀಕರಿಂದಲೋ ಏಜೆಂಟರಿಂದಲೋ ಅಂಥ ಪತ್ರ ಬರೆಸಿಕೊಳ್ಳಿ. ಬಂದ ಮೇಲೆ ಇಮೇಲ್‌ನಲ್ಲಿ ಕೇಳಿದರೆ ಯಾರೂ ಬೇಗ ಉತ್ತರ ಕೊಡುವುದಿಲ್ಲ.

ಬಾಡಿಗೆ ವಾರದ ಲೆಕ್ಕದಲ್ಲಿ ಹೇಳುತ್ತಾರೆ. ವಾರಕ್ಕೆ 550 ಅಂದರೆ ತಿಂಗಳಿಗೆ 2,200 ಅಲ್ಲ, 52 ವಾರ ಹಿಡಿದರೆ 2,383 ಆಗುತ್ತದೆ. ಕೌನ್ಸಿಲ್ ತೆರಿಗೆ ಮಾತ್ರ ಇಲ್ಲಿ ಬಾಡಿಗೆದಾರರ ಮೇಲಿಲ್ಲ, ಮಾಲೀಕರೇ ಕಟ್ಟುತ್ತಾರೆ. ಅದೊಂದು ಸಮಾಧಾನ.

ಕೀ ಸಿಕ್ಕಿ ಮನೆ ಹೊಕ್ಕಾಗ ಅಡುಗೆ ಮನೆಯಲ್ಲಿ ಒಲೆ ಬಿಟ್ಟರೆ ಏನೂ ಇರಲಿಲ್ಲ. ಫ್ರಿಜ್ ಇಲ್ಲ, ವಾಷಿಂಗ್ ಮಷಿನ್ ಇಲ್ಲ. ರೆಡಿಂಗ್‌ನಲ್ಲಿ ನಾವಿದ್ದ ಮೂರೂ ಮನೆಗಳಲ್ಲಿ ಅವು ಮನೆಯ ಜೊತೆಗೇ ಬಂದಿದ್ದವು, ಹಾಗಾಗಿ ಕೇಳಬೇಕು ಅಂತಲೇ ಹೊಳೆದಿರಲಿಲ್ಲ. ಜೂನ್ ತಿಂಗಳು, ಇಲ್ಲಿ ಚಳಿಗಾಲ. ಹಾಲಿನ ಕ್ಯಾನನ್ನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಇಟ್ಟು ಮಲಗಿದೆವು. ಬೆಳಿಗ್ಗೆ ಹೊರಗಿನ ಹಾಲು ಎಷ್ಟು ತಣ್ಣಗಿತ್ತೋ ಮನೆಯೊಳಗೂ ಹೆಚ್ಚು ಕಡಿಮೆ ಅಷ್ಟೇ ತಣ್ಣಗಿತ್ತು. ಇಂಗ್ಲೆಂಡಿನ ಮನೆಯಲ್ಲಿ ಪ್ರತಿ ಕೋಣೆಗೂ ರೇಡಿಯೇಟರ್, ಕಿಟಕಿಗೆ ಎರಡು ಪದರ ಗಾಜು. ಇಲ್ಲಿ ಹಳೆ ಮನೆಗಳಿಗೆ ಒಂದೇ ಪದರ, ಹಾಲ್‌ನಲ್ಲಿ ಒಂದು ಹೀಟರ್. ಹೊರಗೆ ಐದಾರು ಡಿಗ್ರಿ ಅಷ್ಟೇ, ಆದರೂ ಇಂಗ್ಲೆಂಡಿನ ಒಂಬತ್ತು ಚಳಿಗಾಲದಲ್ಲಿ ಮನೆಯೊಳಗೆ ನಾನು ಅಷ್ಟು ನಡುಗಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಸ್ವೆಟರ್ ಯಾಕೆ ಅಂತ ದಪ್ಪ ಹೊದಿಕೆಗಳನ್ನೆಲ್ಲ ಕೊಟ್ಟು ಬಂದಿದ್ದೆವು. ನೀವು ಕೊಡಬೇಡಿ, ಸೂಟ್‌ಕೇಸಿನಲ್ಲೇ ತನ್ನಿ.

ಯಾಕೆಂದರೆ ಹಡಗಿನ ಸಾಮಾನು ಬೇಗ ಬರುವುದಿಲ್ಲ. ನಮ್ಮದು ಹನ್ನೊಂದು ವಾರ ತೆಗೆದುಕೊಂಡಿತು. ಬಂದ ಮೇಲೆ ಬಯೋಸೆಕ್ಯುರಿಟಿಯವರು (ಹೊರಗಿನ ಕೀಟ, ರೋಗ ದೇಶದೊಳಗೆ ಬಾರದಂತೆ ತಡೆಯುವವರು) ಪರೀಕ್ಷೆ ಮಾಡುತ್ತಾರೆ. ಮಣ್ಣು ಮೆತ್ತಿದ ಶೂ, ಸೈಕಲ್ ಚಕ್ರ, ತೋಟದ ಹಾರೆ, ಟೆಂಟ್, ಕೊನೆಗೆ ವ್ಯಾಕ್ಯೂಮ್ ಕ್ಲೀನರ್‌ನ ಚೀಲ, ಎಲ್ಲವೂ ಸ್ವಚ್ಛವಾಗಿರಬೇಕು. ನಮ್ಮವರಿಗೆ ಇನ್ನೂ ಒಂದಷ್ಟಿದೆ. ತೆಂಗಿನ ಕಡ್ಡಿ ಪೊರಕೆ, ಒಣಗಿದ ಮಾವಿನೆಲೆ ತೋರಣ, ದರ್ಭೆ, ಹೂವಿನ ಬೀಜ ತರಬೇಡಿ. ರುದ್ರಾಕ್ಷಿ, ತುಳಸಿ ಮಣಿ, ಮರದ ದೇವರ ಮಂಟಪ ಇವನ್ನು ಮುಚ್ಚಿಡದೆ ಪಟ್ಟಿಯಲ್ಲಿ ಬರೆಯಿರಿ. ಅತ್ತೆ ಕೊಟ್ಟಿದ್ದ ಹಲಸಿನ ಮರದ ಮಣೆ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿತ್ತು. ಹೊರಡುವ ಮೊದಲು ಅದನ್ನು ಉಜ್ಜಿ, ಒಣಗಿಸಿ, ಹುಳು ತಿಂದ ತೂತು ಇಲ್ಲ ಅಂತ ನೋಡಿ, ಪೆಟ್ಟಿಗೆ ಮೇಲೆ ಹೆಸರು ಬರೆದು ಕಳಿಸಿದೆ. ತೆರೆದು ನೋಡಿ ಬಿಟ್ಟರು. ವಿಮಾನದಲ್ಲಿ ಕೊಡುವ ಕಾರ್ಡ್‌ನಲ್ಲೂ ಹುಳಿಪುಡಿ, ಉಪ್ಪಿನಕಾಯಿ ಇದ್ದರೆ ‘ಹೌದು’ ಅಂತಲೇ ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಪದಾರ್ಥ ಹೋಗುತ್ತದೆ. ಹೇಳದೆ ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ ಬೀಳಬಹುದು. ಮಿಕ್ಸಿ, ಗ್ರೈಂಡರ್ ಧೈರ್ಯವಾಗಿ ತನ್ನಿ, ವೋಲ್ಟೇಜ್ ಎರಡೂ ಕಡೆ 230. ಪ್ಲಗ್ ಮಾತ್ರ ಬೇರೆ.

ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಹೊರಡುವ ವಾರ ಬ್ರಿಟನ್ನಿನ ಸಿಮ್ ರದ್ದು ಮಾಡಿಸಿದೆ. ಸುಮ್ನೆ ತಿಂಗಳು ತಿಂಗಳು ದುಡ್ಡು ಯಾಕೆ ಅಂತ. ಆಮೇಲೆ ರೆಡಿಂಗ್ ಮನೆಯ ಡೆಪಾಸಿಟ್ ಅಲ್ಲಿನ ಬ್ಯಾಂಕ್ ಖಾತೆಗೆ ಬಂತು. ಅದನ್ನು ಇಲ್ಲಿಗೆ ಕಳಿಸಲು ಕೋಡ್ ಬೇಕು, ಕೋಡ್ ಬರುವುದು ಆ ಸತ್ತ ನಂಬರಿಗೆ. ನಂಬರ್ ಬದಲಾಯಿಸಬೇಕೆಂದರೆ ಅದಕ್ಕೂ ಕೋಡ್ ಅದೇ ನಂಬರಿಗೆ. ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಬ್ಯಾಂಕಿಗೆ ಫೋನ್ ಮಾಡುತ್ತಾ ಆರು ವಾರ ಕಳೆಯಿತು. ಇಲ್ಲಿ ಪ್ರತಿ ಡಾಲರೂ ಬೇಕಾಗಿದ್ದ ಹೊತ್ತದು. ನೀವು ನಂಬರನ್ನು ಹೊರಡುವ ಮೊದಲೇ ಪೇ ಆಸ್ ಯು ಗೋಗೆ (ಪ್ರೀಪೇಯ್ಡ್) ಬದಲಾಯಿಸಿ, ಕೆಲವು ತಿಂಗಳಿಗೊಮ್ಮೆ ಬಳಸಿ ಜೀವಂತ ಇಟ್ಟುಕೊಳ್ಳಿ.

ಕೆಲಸದ ಕಡೆ ಎರಡು ವಿಷಯ. ನಮ್ಮನೆಯವರ ಬಯೋಡೇಟಾದಲ್ಲಿ ಬ್ರಿಟನ್ನಿನ +44 ನಂಬರ್ ಇರುವಷ್ಟು ದಿನ ಯಾರೂ ಫೋನ್ ಮಾಡಲಿಲ್ಲ. ಇಲ್ಲಿನ ನಂಬರ್ ಹಾಕಿದ ವಾರದಿಂದ ಕರೆ ಶುರುವಾಯಿತು. ಆದರೂ ನಮ್ಮನೆಯವರಿಗೆ ಕೆಲಸ ಸಿಗಲು ಮೂರು ತಿಂಗಳು ಹಿಡಿಯಿತು. ಇನ್ನೊಂದು, ಸಂಬಳ ಹೇಳುವಾಗ ಸೂಪರ್ ಸೇರಿಸಿಯೋ ಬಿಟ್ಟೋ ಅಂತ ಕೇಳಲೇಬೇಕು. ಸೂಪರ್ ಅಂದರೆ ನಿವೃತ್ತಿ ನಿಧಿ, ಈಗ 12%. 1,20,000 ಡಾಲರ್ ಪ್ಯಾಕೇಜ್ ಅಂದರೆ ನಿಮ್ಮ ಸಂಬಳ ಸುಮಾರು 1,07,000 ಮಾತ್ರ, ಉಳಿದದ್ದು ಆ ನಿಧಿಗೆ. ಕೆಲಸ ಇಲ್ಲದವರಿಗೆ ಸರ್ಕಾರ ಕೊಡುವ ಭತ್ಯೆಗೆ ಹೊಸದಾಗಿ ಪಿಆರ್ ಬಂದವರು ನಾಲ್ಕು ವರ್ಷ ಕಾಯಬೇಕು. ಅದಕ್ಕೇ ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ಹೊರಡಬೇಡಿ ಅಂತ ಒತ್ತಿ ಹೇಳುತ್ತೇನೆ.

ಬ್ರಿಟನ್ನಿನ ಕಂಪನಿ ಪೆನ್ಷನ್ ಅಲ್ಲೇ ಇರಲಿ, 55 ಆಗುವ ಮೊದಲು ಇಲ್ಲಿಗೆ ತರಲು ಸಾಧ್ಯವೇ ಇಲ್ಲ ಅನ್ನಬಹುದು. ಸರ್ಕಾರಿ ಪೆನ್ಷನ್‌ಗೆ ಕನಿಷ್ಠ ಹತ್ತು ವರ್ಷ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಲ್ಲಿ ಹಿಡಿಯುವ ವಂತಿಗೆ) ಕಟ್ಟಿರಬೇಕು. ನಿಮ್ಮದು ಏಳು, ಹಾಗಾಗಿ ಉಳಿದ ವರ್ಷ ಕಟ್ಟುವ ದಾರಿ ಇದೆಯಾ ಅಂತ ಅಲ್ಲಿರುವಾಗಲೇ ವಿಚಾರಿಸಿ. ಅದು ಸಿಕ್ಕರೂ ಆಸ್ಟ್ರೇಲಿಯಾದಲ್ಲಿ ಇರುವವರಿಗೆ ವರ್ಷ ವರ್ಷ ಏರುವುದಿಲ್ಲ. ಐಸಾ ಅನ್ನುವ ಉಳಿತಾಯ ಖಾತೆಯ ಆದಾಯಕ್ಕೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿನ ತೆರಿಗೆಯವರು ಅದನ್ನು ಒಪ್ಪುವುದಿಲ್ಲ.

ಆಸ್ಪತ್ರೆ ವಿಷಯದಲ್ಲಿ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಅಭ್ಯಾಸ ಬಿಡಬೇಕು. ಪಿಆರ್ ಇದ್ದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಿಗುತ್ತದೆ. ಆದರೆ ಎಷ್ಟೋ ಜಿಪಿಗಳು (ಸಾಮಾನ್ಯ ವೈದ್ಯರು) ಮೇಲೆ ದುಡ್ಡು ತೆಗೆದುಕೊಳ್ಳುತ್ತಾರೆ, ಹೋಗುವ ಮೊದಲೇ ‘ಬಲ್ಕ್ ಬಿಲ್ಲಿಂಗ್ ಇದೆಯಾ’, ಅಂದರೆ ಪೂರ್ತಿ ಮೆಡಿಕೇರ್‌ನಲ್ಲೇ ಮುಗಿಯುತ್ತದಾ ಅಂತ ಕೇಳಿ. ಇಂಗ್ಲೆಂಡಿನಲ್ಲಿ ಮಕ್ಕಳ ಔಷಧಿ ಉಚಿತ, ಇಲ್ಲಿ ಮಕ್ಕಳಿಗೂ ದುಡ್ಡು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಆಂಬುಲೆನ್ಸ್ ಮೆಡಿಕೇರ್‌ನಲ್ಲಿ ಬರುವುದಿಲ್ಲ, ಬಿಲ್ ದೊಡ್ಡದಾಗಿ ಬರುತ್ತದೆ. ಆಂಬುಲೆನ್ಸ್ ವಿಕ್ಟೋರಿಯಾದ ಸದಸ್ಯತ್ವ ಬಂದ ವಾರವೇ ಮಾಡಿಸಿ. ಡ್ರೈವಿಂಗ್‌ಗೆ ಬ್ರಿಟಿಷ್ ಲೈಸೆನ್ಸ್ ಇದ್ದರೆ ಟೆಸ್ಟ್ ಇಲ್ಲದೆ ಬದಲಾಯಿಸಿ ಕೊಡುತ್ತಾರೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಇನ್ನೂ ಇಂಡಿಯಾದ್ದೇ ಇದ್ದರೆ ಪರೀಕ್ಷೆಗೆ ತಯಾರಾಗಿ.

ಇನ್ನು ಶಾಲೆ. ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಇಲ್ಲಿ ಶಾಲೆ ವರ್ಷ ಜನವರಿ ಕೊನೆಗೆ ಶುರು. ಏಪ್ರಿಲ್ 30ರ ಒಳಗೆ ಐದು ತುಂಬಿದ ಮಕ್ಕಳಿಗೆ ಆ ವರ್ಷ ಪ್ರೆಪ್, ಅಂದರೆ ಶಾಲೆಯ ಮೊದಲ ತರಗತಿ. ಮಗಳು ಹುಟ್ಟಿದ್ದು 2018ರ ಜೂನ್. ರೆಡಿಂಗ್‌ನಲ್ಲಿ ಇಯರ್ 1 ಮುಗಿಸುವುದರಲ್ಲಿದ್ದಳು, ಪುಸ್ತಕ ತಾನೇ ಓದುತ್ತಿದ್ದಳು. ಇಲ್ಲಿ ಅವಳನ್ನು ಪ್ರೆಪ್‌ಗೆ ಹಾಕಿದರು, ಅಕ್ಷರ ಕಲಿಯುವ ಮಕ್ಕಳ ಜೊತೆ. ಮೊದಲ ದಿನ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದಳು, “ಅಮ್ಮಾ, ನಾನು ಅಲ್ಲಿ ಫೇಲ್ ಆದ್ನಾ?” ಅಂತ. ನಾವು ಅವಳಿಗೆ ಮೊದಲೇ ಹೇಳಿರಲಿಲ್ಲ, ನಮಗೇ ಗೊತ್ತಿರಲಿಲ್ಲ. ಟೀಚರ್ ಒಳ್ಳೆಯವರು, ಅವಳಿಗೆ ಬೇರೆ ಪುಸ್ತಕ ಕೊಟ್ಟರು, ಎರಡು ತಿಂಗಳಲ್ಲಿ ಸ್ನೇಹಿತೆಯರೂ ಆದರು. ಆದರೆ ನಿಮ್ಮ ಮಗನಿಗೆ ಲೀಡ್ಸ್‌ನಲ್ಲಿ ಇರುವಾಗಲೇ ಕೂರಿಸಿಕೊಂಡು ಹೇಳಿ, ಅಲ್ಲಿ ಲೆಕ್ಕ ಬೇರೆ, ನಿನ್ನ ತಪ್ಪಲ್ಲ ಅಂತ.

ಒಂದು ಒಳ್ಳೆಯದನ್ನೂ ಹೇಳಬೇಕು. ರೆಡಿಂಗ್‌ನಲ್ಲಿ ನಾನು ಕೆಲಸ ಮುಗಿಸಿ ಆರಕ್ಕೆ ಮನೆಗೆ ಬಂದರೆ ತೀರ್ಥಹಳ್ಳಿಯಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಮ್ಮ ಮಲಗಿರುತ್ತಿದ್ದರು. ಮಾತೆಲ್ಲ ಶನಿವಾರ, ಭಾನುವಾರಕ್ಕೆ. ಇಲ್ಲಿ ಗಡಿಯಾರ ತಿರುವುಮುರುವು. ಚಳಿಗಾಲದಲ್ಲಿ ರಾತ್ರಿ ಎಂಟಕ್ಕೆ ಊಟ ಮುಗಿಸಿ ಫೋನ್ ಮಾಡಿದರೆ ಅಲ್ಲಿ ಮಧ್ಯಾಹ್ನ ಮೂರೂವರೆ. ಅಮ್ಮ ಎದ್ದು ಕಾಫಿಗೆ ನೀರಿಟ್ಟಿರುತ್ತಾರೆ. ಲೋಟ ಹಿಡಿದುಕೊಂಡೇ ಮಾತಾಡುತ್ತಾರೆ, ಮಗಳು ಹೋಮ್‌ವರ್ಕ್ ತೋರಿಸುತ್ತಾಳೆ. ದಿನಾ.

ನಿಮ್ಮ ಮಗ ಹುಟ್ಟಿದ ತಿಂಗಳು, ವರ್ಷ ತಿಳಿಸಿ. ಯಾವ ಕ್ಲಾಸಿಗೆ ಬರುತ್ತಾನೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.