ಹದಿಮೂರು ಕಂತು ಕಾದದ್ದು ಇಷ್ಟಕ್ಕೇನಾ?

ಪ್ರಶ್ನೆ: ‘ಸ್ಟಾರ್ ಟ್ರೆಕ್: ಡಿಸ್ಕವರಿ’ಯ ಮೂರನೆಯ ಸೀಸನ್ನನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಗ್ಯಾಲಕ್ಸಿಯ ವ್ಯೋಮನೌಕೆಗಳು ಒಂದೇ ಗಳಿಗೆಯಲ್ಲಿ ಸಿಡಿದದ್ದೇಕೆ ಎಂಬ ಒಗಟಿನ ಹಿಂದೆ 13 ಕಂತು ಅಲೆಸಿ, ಕಡೆಗೆ ಒಂದು ಮಗು ಚೀರಿದ್ದೇ ಕಾರಣ ಎಂದುಬಿಟ್ಟರು. ನನ್ನ ಮಗ ರಿಮೋಟನ್ನು ಸೋಫಾದ ಮೇಲೆ ಎಸೆದು ಎದ್ದುಹೋದ. ಒಂದೇ ಕಥೆಯನ್ನು ಇಡೀ ಸೀಸನ್ನಿಗೆ ಎಳೆಯುವ ಈ ಚಟ ಏಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ರಿಮೋಟಿಗೆ ಪೆಟ್ಟಾಗಲಿಲ್ಲವೆಂದು ಭಾವಿಸುತ್ತೇನೆ. ‘ಬೆಟ್ಟ ಅಗೆದು ಇಲಿ ಹಿಡಿದರು’ ಎಂದು ನಿಮ್ಮ ಮಗನಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಇಲಿಯೇ ಕೆಟ್ಟದ್ದೆಂದು ನನಗೆ ಅನ್ನಿಸುವುದಿಲ್ಲ, ಅಗೆದ ಜಾಗ ತಪ್ಪು. ಕಥೆಯನ್ನು ನೆನಪಿಸಿಕೊಳ್ಳಿ. ನೌಕೆಗಳನ್ನು ಬೆಳಕಿಗಿಂತ ವೇಗವಾಗಿ ಒಯ್ಯುವ ವಾರ್ಪ್ ಎಂಜಿನ್ನುಗಳನ್ನು ನಡೆಸುವ ಡೈಲಿಥಿಯಮ್ ಎಂಬ ಖನಿಜ ಸುಮಾರು 120 ವರ್ಷಗಳ ಹಿಂದೆ ಒಮ್ಮೆಗೇ ನಿಷ್ಕ್ರಿಯವಾಗಿ ಅಸಂಖ್ಯ ನೌಕೆಗಳು ನಾಶವಾಗಿರುತ್ತವೆ. ನಾಯಕಿ ಮೈಕೆಲ್ ಬರ್ನ್‌ಹ್ಯಾಮ್ ಹಾಳು ನೌಕೆಗಳ ಬ್ಲ್ಯಾಕ್ ಬಾಕ್ಸುಗಳನ್ನು ಹುಡುಕಿ ತಂದು, ಅವುಗಳಲ್ಲಿ ದಾಖಲಾದ ಸಮಯವನ್ನು ಒಂದರ ಪಕ್ಕ ಒಂದಿಟ್ಟು, ಸ್ಫೋಟಗಳು ನಿಜಕ್ಕೂ ಏಕಕಾಲದಲ್ಲಿ ಆಗಿಲ್ಲ, ಆದ್ದರಿಂದ ಅವಕ್ಕೊಂದು ಮೂಲಬಿಂದು ಇರಲೇಬೇಕು ಎಂದು ತರ್ಕಿಸುತ್ತಾಳೆ. ಇದು ಅಪ್ಪಟ ಪತ್ತೇದಾರಿ. ಇಂಥ ಲೆಕ್ಕಾಚಾರಕ್ಕೆ ಒಗ್ಗಿದ ಪ್ರೇಕ್ಷಕ ಲೆಕ್ಕಕ್ಕೆ ತಕ್ಕ ಉತ್ತರವನ್ನೇ ನಿರೀಕ್ಷಿಸುತ್ತಾನೆ. ಸಿಕ್ಕಿದ್ದು ಶೋಕದ ಕಥೆ: ಡೈಲಿಥಿಯಮ್ ಗ್ರಹವೊಂದರ ಮೇಲೆ ಬಿದ್ದ ನೌಕೆಯಲ್ಲಿ ಹುಟ್ಟಿ, ಅಲ್ಲಿನ ವಿಕಿರಣಕ್ಕೆ ಹೊಂದಿಕೊಂಡ ಕೆಲ್ಪಿಯನ್ ಎಂಬ ಅನ್ಯಗ್ರಹದ ಕುಲದ ಬಾಲಕ ಸೂಕಾಲ್ ತಾಯಿ ಸತ್ತಾಗ ಚೀರಿದ, ಆ ಚೀರು ಗ್ಯಾಲಕ್ಸಿಯನ್ನೆಲ್ಲ ತಲುಪಿತು. ಹೊಲೊಗ್ರಾಮುಗಳ ಆರೈಕೆಯಲ್ಲೇ ಬೆಳೆದ ಆ ಒಂಟಿ ಜೀವವನ್ನು ಅದೇ ಕುಲದವನಾದ, ಡಿಸ್ಕವರಿ ನೌಕೆಯ ಕ್ಯಾಪ್ಟನ್ ಸಾರು (ಈ ಹೆಸರು ಕೇಳಿದಾಗಲೆಲ್ಲ ನನಗೆ ಊಟದ ನೆನಪಾಗುತ್ತದೆ) ಸಂತೈಸುವ ದೃಶ್ಯ ಬಿಡಿಯಾಗಿ ಚೆನ್ನಾಗಿಯೇ ಇದೆ. ಆದರೆ ಸೂಕಾಲ್ ಎದುರಾಗುವುದು 11ನೆಯ ಕಂತಿನಲ್ಲಿ. ಅಷ್ಟು ವಾರ ನಾವು ಬ್ಲ್ಯಾಕ್ ಬಾಕ್ಸಿನ ಮೇಲೆ ಮನಸ್ಸಿಟ್ಟಿದ್ದೆವೇ ಹೊರತು ಹುಡುಗನ ಮೇಲಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕೆರಳಿಸಿದ್ದು ಎರಡನೆಯ ಸೀಸನ್ನಿನ ಏರಿಯಮ್. ಅರ್ಧ ಯಂತ್ರವಾಗಿರುವ ಈ ಅಧಿಕಾರಿ ಮೊದಲ ಸೀಸನ್ನಿನಿಂದಲೂ ನೌಕೆಯ ಬ್ರಿಡ್ಜಿನಲ್ಲಿ (ನೌಕೆಯನ್ನು ನಡೆಸುವ ಕೋಣೆಯಲ್ಲಿ) ಕೂತೇ ಇದ್ದಳು, ಮಾತು ಮಾತ್ರ ಎಣಿಸುವಷ್ಟು. 9ನೆಯ ಕಂತಿನಲ್ಲಿ ಇದ್ದಕ್ಕಿದ್ದಂತೆ ಅವಳ ಬದುಕು ತೆರೆದುಕೊಳ್ಳುತ್ತದೆ: ಮೆಮೊರಿಯಲ್ಲಿ ಜಾಗ ಸಾಲದೆ, ವಾರದ ನೆನಪುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ಅವಳು ಕೂತು ಆರಿಸುತ್ತಾಳೆ, ಅಪಘಾತದಲ್ಲಿ ತೀರಿಕೊಂಡ ಗಂಡನೊಡನೆ ಕಡಲತೀರದಲ್ಲಿದ್ದ ನೆನಪನ್ನು ಮಾತ್ರ ಜೋಪಾನ ಮಾಡಿರುತ್ತಾಳೆ. ಎಂಥ ಅಪರೂಪದ ಕಲ್ಪನೆ! ಅದೇ ಕಂತು ಮುಗಿಯುವ ಮೊದಲೇ ಅವಳನ್ನು ಏರ್‌ಲಾಕಿನಿಂದ ಹೊರದಬ್ಬಿ ಸಾಯಿಸುತ್ತಾರೆ. ಹಳೆಯ ಪದ್ಧತಿಯ ಸರಣಿಯಾಗಿದ್ದರೆ ಇಂಥ ಪಾತ್ರಕ್ಕೆ ವರ್ಷಕ್ಕೆ ಎರಡು ಕಂತಾದರೂ ಸಿಗುತ್ತಿದ್ದವು. ಇಲ್ಲಿ ಬ್ರಹ್ಮಾಂಡವನ್ನು ಉಳಿಸುವ ಅವಸರದಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಇನ್ನು ಚಟದ ಮಾತು. ಹಿಂದೆ ಅಮೆರಿಕದಲ್ಲಿ ಸರಣಿಗಳನ್ನು ಮರುಪ್ರಸಾರಕ್ಕೆ ಊರೂರಿನ ವಾಹಿನಿಗಳಿಗೆ ಮಾರುತ್ತಿದ್ದರು, ಕಂತುಗಳನ್ನು ಹಿಂದುಮುಂದಾಗಿ ತೋರಿಸಿದರೂ ಅರ್ಥವಾಗಬೇಕಿತ್ತು. ಓಟಿಟಿಗೆ ಬೇಕಾದದ್ದು ಚಂದಾದಾರ ಮುಂದಿನ ಕಂತಿಗೂ ಬರುವಂತೆ ಮಾಡುವ ಕೊಕ್ಕೆ. ಜೊತೆಗೆ ಡಿಸ್ಕವರಿಯಲ್ಲಿ ಗಂಟು ಹಾಕಿದ ಕೈ ಬೇರೆ, ಬಿಚ್ಚಿದ ಕೈ ಬೇರೆ: ಸರಣಿಯನ್ನು ರೂಪಿಸಿದ ಬ್ರಯಾನ್ ಫುಲ್ಲರ್ ಮೊದಲ ಕಂತು ಪ್ರಸಾರವಾಗುವ ಮೊದಲೇ, 2016ರಲ್ಲಿ, ಹೊಣೆಯಿಂದ ಸರಿದರು, ಅವರ ನಂತರ ಬಂದವರನ್ನು 2018ರಲ್ಲಿ ಎರಡನೆಯ ಸೀಸನ್ನಿನ ನಡುವೆಯೇ ಬದಲಿಸಲಾಯಿತು.

ಪ್ರಶ್ನೆ: ಹಾಗಾದರೆ ಪ್ರತಿ ವಾರ ಕಥೆ ಮುಗಿಯುವ ಹಳೆಯ ಕ್ರಮವೇ ಮೇಲು ಎನ್ನುತ್ತೀರಾ?
— ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಖಂಡಿತ ಇಲ್ಲ. ‘ಸ್ಟಾರ್ ಟ್ರೆಕ್’ನದೇ ಹಳೆಯ ಸರಣಿ ‘ವಾಯೇಜರ್’ನ (1995–2001) ನೌಕೆ ಮನೆಯಿಂದ 70,000 ಜ್ಯೋತಿರ್ವರ್ಷ ದೂರದಲ್ಲಿ ಸಿಕ್ಕಿಬಿದ್ದಿದ್ದರೂ, ಈ ವಾರ ನುಜ್ಜುಗುಜ್ಜಾದದ್ದು ಮುಂದಿನ ವಾರ ಆಗತಾನೇ ಬಣ್ಣ ಬಳಿದಂತೆ ಹೊಳೆಯುತ್ತಿತ್ತು. ಅದೂ ಒಂದು ಬಗೆಯ ಮೋಸವೇ. ದೀರ್ಘ ಕಥೆಯನ್ನು ಮೊದಲೇ ಯೋಚಿಸಿ ಹೆಣೆದದ್ದಕ್ಕೆ ‘ಬ್ಯಾಬಿಲಾನ್ 5’ ಎಂಬ ಇನ್ನೊಂದು ವ್ಯೋಮಕಥೆಯ ಸರಣಿ ಇದೆ. ಅದರ 110 ಕಂತುಗಳಲ್ಲಿ 92ನ್ನು ಅದರ ಸೃಷ್ಟಿಕರ್ತ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ಒಬ್ಬರೇ ಬರೆದರು. ಮೊದಲ ಸೀಸನ್ನಿನ ನಾಯಕ ಸಿಂಕ್ಲೇರ್‌ನ ಪಾತ್ರಧಾರಿ ಹೊರಟುಹೋದಾಗಲೂ ಆ ಪಾತ್ರದ ಎಳೆಯನ್ನು ಕೈಬಿಡದೆ, ಮೂರನೆಯ ಸೀಸನ್ನಿನಲ್ಲಿ ಅದಕ್ಕೊಂದು ಗೌರವದ ಕೊನೆ ಕೊಟ್ಟರು. ಹಾಗೆಂದು ಅದೂ ಪೂರ್ತಿ ಪಾರಾಗಲಿಲ್ಲ: ಸರಣಿ ನಿಲ್ಲಬಹುದೆಂಬ ಭಯದಲ್ಲಿ ಮುಖ್ಯ ಕಥೆಯನ್ನು ನಾಲ್ಕನೆಯ ಸೀಸನ್ನಿನಲ್ಲೇ ತುರುಕಿದರು, ಆಮೇಲೆ ಐದನೆಯದಕ್ಕೆ ಒಪ್ಪಿಗೆ ಸಿಕ್ಕಾಗ ಹೇಳಲು ಉಳಿದದ್ದು ಕಡಿಮೆ.

ಪ್ರಶ್ನೆ: ಟೀಕೆ ಸಾಕು, ಈ ವಾರಾಂತ್ಯಕ್ಕೆ ನೋಡುವಂಥದ್ದನ್ನು ಹೇಳಿ.
— ಮತ್ತೊಬ್ಬರು, ಉಡುಪಿ

ಉತ್ತರ: ‘ಸ್ಟಾರ್ ಟ್ರೆಕ್’ ಬಳಗದ್ದೇ ಆದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ನೋಡಿ. 2022ರ ಅದರ ಮೊದಲ ಸೀಸನ್ನಿನಲ್ಲಿ 10 ಕಂತುಗಳಿದ್ದು, ಪ್ರತಿಯೊಂದರ ಕಥೆಯೂ ಹೆಚ್ಚುಕಡಿಮೆ ಅಲ್ಲಲ್ಲಿಗೇ ಮುಗಿಯುತ್ತದೆ. ಎಲ್ಲಕ್ಕೂ ಒಳಗೊಂದು ದಾರ ಮಾತ್ರ ಇದೆ. ನಾಯಕ ಕ್ಯಾಪ್ಟನ್ ಪೈಕ್‌ಗೆ ತನ್ನ ಮುಂದಿನ ಗತಿ ಗೊತ್ತು. ಅದು ನಮಗೂ ಗೊತ್ತು, ಏಕೆಂದರೆ 1966ರಷ್ಟು ಹಿಂದೆಯೇ ಮೂಲ ‘ಸ್ಟಾರ್ ಟ್ರೆಕ್’ ಅದನ್ನು ತೋರಿಸಿದೆ: ಸುಟ್ಟ ಮುಖ, ಗಾಲಿಕುರ್ಚಿ, ಮಾತಿಗೆ ಬದಲು ಒಂದು ದೀಪ, ಹೌದೆನ್ನಲು ಒಮ್ಮೆ ಮಿನುಗುತ್ತದೆ, ಇಲ್ಲವೆನ್ನಲು ಎರಡು ಸಲ. ಮುಂದೇನಾಗುತ್ತದೆ ಎಂಬ ಒಗಟೇ ಇಲ್ಲದ್ದರಿಂದ ಸುಳಿವು ಹಂಚುವ ಕೆಲಸವೂ ಇಲ್ಲ. ಮುಂದೊಂದು ದಿನ ತಾನು ಉಳಿಸಲಿರುವ ಮಕ್ಕಳ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿರುವ ಆ ಮನುಷ್ಯ, ತನ್ನ ಕೋಣೆಯಲ್ಲಿ ಒಲೆಯ ಮುಂದೆ ನಿಂತು ಸಹೋದ್ಯೋಗಿಗಳಿಗೆ ಅಡುಗೆ ಮಾಡಿ ಬಡಿಸುವುದನ್ನು ನೋಡಿ. ನಡುವಿನ ಕಂತುಗಳನ್ನು ಬೇಕಾದ ಹಾಗೆ ಆರಿಸಿಕೊಳ್ಳಬಹುದು. 10ನೆಯದನ್ನು ಮಾತ್ರ ಕೊನೆಗೇ ಇಟ್ಟುಕೊಳ್ಳಿ.