ಆಶುಭಾಷಣಕ್ಕೆ ಅಂಕ ಹಾಕುವುದು ಹೇಗೆ?

ಪ್ರಶ್ನೆ: ಎಂಟು, ಒಂಬತ್ತನೇ ತರಗತಿಯ 40 ಮಕ್ಕಳಿಗೆ ಕನ್ನಡ ಪಿರಿಯಡ್‌ನಲ್ಲಿ ಆಶುಭಾಷಣ ಮಾಡಿಸುತ್ತೇನೆ. ಪ್ರತಿ ಸಲ ಗಟ್ಟಿ ಗಂಟಲಿನವರು, ಬಾಯಿಪಾಠದ ಪೀಠಿಕೆ ಒಪ್ಪಿಸುವವರೇ ಮುಂದೆ ಬರುತ್ತಾರೆ. ನಿಜವಾಗಿ ಯೋಚಿಸಿ ಮಾತಾಡಿದ ಮಗುವಿಗೆ ನ್ಯಾಯ ಸಿಗುವಂತೆ ಅಂಕ ಹಾಕುವುದು ಹೇಗೆ? ಎರಡು ಪಿರಿಯಡ್ ಸಾಕೇ?
– ಶಿಕ್ಷಕಿ, ಡೊಂಬಿವಲಿ

ಉತ್ತರ: ಎರಡು ಪಿರಿಯಡ್ ಖಂಡಿತ ಸಾಲದು. ಒಬ್ಬರಿಗೆ 2 ನಿಮಿಷ ಮಾತು, ಅಂಕ ಬರೆಯಲು 1 ನಿಮಿಷ ಎಂದಿಟ್ಟುಕೊಂಡರೂ 35 ನಿಮಿಷದ ಪಿರಿಯಡ್‌ನಲ್ಲಿ 11 ಮಕ್ಕಳಷ್ಟೇ ಮುಗಿಯುತ್ತಾರೆ. ಒಂದು ಸುತ್ತಿಗೆ ನಾಲ್ಕು ಪಿರಿಯಡ್ ತೆಗೆದಿಡಿ. ಒಬ್ಬರು ಮಾತು ಶುರುಮಾಡಿದಾಗ ಮುಂದಿನವರು ವಿಷಯದ ಚೀಟಿ ಎತ್ತಿ ಬಾಗಿಲ ಬಳಿ ಕೂತು ಯೋಚಿಸಲಿ. ಆಗ ತಯಾರಿಗೆಂದು ಬೇರೆ ಸಮಯ ಕೊಡಬೇಕಾಗಿಲ್ಲ.

ಅನ್ಯಾಯ ಶುರುವಾಗುವುದೇ ಚೀಟಿಯಿಂದ. ಒಬ್ಬನಿಗೆ ‘ನಮ್ಮ ಬೀದಿಯ ವಡಾಪಾವ್ ಗಾಡಿ’, ಇನ್ನೊಬ್ಬಳಿಗೆ ‘ತಾಳ್ಮೆ’ ಬಂದರೆ ಅಳತೆ ಅಲ್ಲೇ ತಪ್ಪಿತು. ಕಣ್ಣಿಗೆ ಕಾಣುವ ವಸ್ತುಗಳು ಒಂದು ಸುತ್ತಿಗೆ, ‘ಶಾಲೆಗೆ ಮೊಬೈಲ್ ತರಬಹುದೇ?’ ಎಂಬಂಥ ಪರ–ವಿರೋಧದ ವಿಷಯಗಳು ಮತ್ತೊಂದು ಸುತ್ತಿಗೆ ಇರಲಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ. ಪ್ರತಿ ಮಗು ಎರಡು ಚೀಟಿ ಎತ್ತಿ ಒಂದನ್ನು ಆರಿಸಿಕೊಳ್ಳಲಿ. ಹಬ್ಬ, ಪರಿಸರ, ದೇಶಪ್ರೇಮ ಬೇಡ. ಅವುಗಳ ಪ್ರಬಂಧ ಮಕ್ಕಳಿಗೆ ಆಗಲೇ ಬಾಯಿಗೆ ಬಂದಿರುತ್ತದೆ.

ಒಟ್ಟು 20 ಅಂಕವನ್ನು ಹೀಗೆ ಹಂಚಿ: ವಿಷಯ ಬಿಡದೆ ಮಾತಾಡಿದ್ದಕ್ಕೆ 5, ಮಾತು ಕಟ್ಟಿದ ರೀತಿಗೆ 5, ಉದಾಹರಣೆ ಮತ್ತು ವಿವರಕ್ಕೆ 4, ಧ್ವನಿ–ನೋಟ–ನಿಲುವಿಗೆ 3, ಭಾಷೆಗೆ 3. ಧ್ವನಿಗೆ ಇಷ್ಟೇ ಸಾಕು, ಏಕೆಂದರೆ ಅದು ಬಹುಪಾಲು ವೇದಿಕೆಯ ರೂಢಿಯಿಂದ ಬರುವಂಥದ್ದು. ಮಾತು ಕಟ್ಟುವ ವಿಷಯಕ್ಕೆ ಬಂದರೆ, ಮೊದಲ 20 ಸೆಕೆಂಡಿನೊಳಗೆ ತನ್ನ ನಿಲುವು ಹೇಳಿ, ಎರಡು ಕಾರಣ ಕೊಟ್ಟು, ಪ್ರತಿಯೊಂದಕ್ಕೂ ಆಧಾರ ತೋರಿಸಿ, ತಾನಾಗಿ ಮಾತು ಮುಗಿಸಿದರೆ 5. ಕಾರಣಗಳಿವೆ, ಒಂದಕ್ಕೊಂದು ಕೊಂಡಿಯಿಲ್ಲ ಎಂದರೆ 3. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರೆ 1.

ಬಾಯಿಪಾಠ ಹಿಡಿಯಲು ಒಂದು ಸುಲಭದ ಪರೀಕ್ಷೆಯಿದೆ: ಆ ವಾಕ್ಯದಲ್ಲಿ ವಿಷಯದ ಹೆಸರು ಬದಲಿಸಿದರೂ ವಾಕ್ಯ ಹಾಗೇ ನಿಲ್ಲುತ್ತದೆಯೇ? ನಿಂತರೆ ಅದಕ್ಕೆ ಅಂಕವಿಲ್ಲ. ವಿಷಯ ‘ಮಳೆಗಾಲದ ಲೋಕಲ್’ ಎಂದಿಟ್ಟುಕೊಳ್ಳಿ. ಒಬ್ಬಳು, “ಇಂದಿನ ವೇಗದ ಯುಗದಲ್ಲಿ ಲೋಕಲ್ ರೈಲು ಮಾನವನ ಜೀವನದಲ್ಲಿ ಮಹತ್ವದ ಪಾತ್ರ ವಹಿಸಿದೆ” ಎಂದು ನಿರರ್ಗಳವಾಗಿ ಹೇಳಿದಳು. ಲೋಕಲ್ ತೆಗೆದು ಮೊಬೈಲ್ ಹಾಕಿ, ವಾಕ್ಯಕ್ಕೆ ಏನೂ ಆಗುವುದಿಲ್ಲ. ಇನ್ನೊಬ್ಬ ತಡವರಿಸುತ್ತ, “ಜೋರು ಮಳೆ ಬಂದ್ರೆ ಕುರ್ಲಾ–ಸಯಾನ್ ಮಧ್ಯೆ ಹಳಿ ಮೇಲೆ ನೀರು ನಿಲ್ತದೆ. ಗಾಡಿ ನಿಂತ್ರೆ ಅಪ್ಪ ಹಳಿ ಮೇಲೆ ನಡ್ಕೊಂಡು ಬರ್ತಾರೆ. ಹಾಗಾಗಿ ಅಂಥ ದಿನ ಆಫೀಸಿಗೆ ಬೇಗ ರಜೆ ಕೊಡ್ಬೇಕು” ಎಂದ. ಇವನ ಮಾತಿನಲ್ಲಿ ಕಾರಣವಿದೆ, ಕಂಡ ವಿವರವಿದೆ, ನಿಲುವಿದೆ. ಧ್ವನಿಯಲ್ಲಿ 1 ಸಿಕ್ಕರೂ ಮೊದಲ ಮೂರು ಬಾಬತ್ತಿನಲ್ಲಿ ಇವನೇ ಮುಂದಿರಬೇಕು.

“ವೇದಿಕೆಯ ಮೇಲೆ ಆಸೀನರಾಗಿರುವ…” ಎಂಬ ಸಂಬೋಧನೆಗೂ ಗಡಿಯಾರ ಓಡುತ್ತಿರುತ್ತದೆ ಎಂದು ಮೊದಲೇ ಹೇಳಿಬಿಡಿ. ಆಗ ಮಕ್ಕಳೇ ಅದನ್ನು “ಎಲ್ಲರಿಗೂ ನಮಸ್ಕಾರ”ಕ್ಕೆ ಇಳಿಸುತ್ತಾರೆ. ನಡುವೆ ಮೂರ್ನಾಲ್ಕು ಸೆಕೆಂಡ್ ಸುಮ್ಮನಾದರೆ ಅದು ತಪ್ಪಲ್ಲ, ಮಗು ಯೋಚಿಸುತ್ತಿದೆ. ‘ಅಂದ್ರೆ’, ‘ಆಮೇಲೆ’ಗಳನ್ನು ಎಣಿಸುತ್ತ ಕೂರಬೇಡಿ, ಅರ್ಥಕ್ಕೆ ಅಡ್ಡ ಬಂದಾಗ ಮಾತ್ರ ಗುರುತು ಹಾಕಿ.

ಪ್ರಶ್ನೆ: ನಮ್ಮ ಸಂಘದ ಸ್ಪರ್ಧೆಯಲ್ಲಿ ಮೂವರು ತೀರ್ಪುಗಾರರಿದ್ದರು. ಇಬ್ಬರು ಮೆಚ್ಚಿದ ಹುಡುಗಿಗೆ ಎರಡನೇ ಬಹುಮಾನ ಬಂತು. ಪೋಷಕರು ಜಗಳಕ್ಕೇ ನಿಂತರು. ಕೂಡಿಸಿದ್ದು ಸರಿಯಾಗಿಯೇ ಇತ್ತು. ಎಲ್ಲಿ ಎಡವಿದೆವು?
– ಕಾರ್ಯದರ್ಶಿ, ನವಿ ಮುಂಬೈ

ಉತ್ತರ: ಅಂಕಗಳನ್ನು ಕೂಡಿಸಿದ್ದರಲ್ಲೇ ಎಡವಿದ್ದೀರಿ. ಮೊದಲನೇ ತೀರ್ಪುಗಾರರು ಹುಡುಗನಿಗೆ 90, ಹುಡುಗಿಗೆ 70 ಕೊಟ್ಟರು ಎನ್ನಿ. ಎರಡನೆಯವರು 62 ಮತ್ತು 64, ಮೂರನೆಯವರು 66 ಮತ್ತು 68 ಕೊಟ್ಟರು. ಮೊತ್ತ ಹುಡುಗನಿಗೆ 218, ಹುಡುಗಿಗೆ 202. ಅಂಕದಲ್ಲಿ ದೊಡ್ಡ ಅಂತರ ಇಟ್ಟ ಒಬ್ಬರ ತೀರ್ಪೇ ಉಳಿದಿಬ್ಬರದನ್ನು ನುಂಗಿಹಾಕಿತು. ಅಂಕದ ಬದಲು ಪ್ರತಿಯೊಬ್ಬರ ಹಾಳೆಯಿಂದ ಸ್ಥಾನವನ್ನಷ್ಟೇ ತೆಗೆದುಕೊಳ್ಳಿ: ಹುಡುಗನಿಗೆ 1+2+2=5, ಹುಡುಗಿಗೆ 2+1+1=4. ಕಡಿಮೆ ಮೊತ್ತದವರು ಗೆದ್ದಂತೆ. ಸಮ ಬಂದರೆ ಯಾರ ಹಾಳೆ ನೋಡಬೇಕೆಂದು ಸ್ಪರ್ಧೆಗೆ ಮುಂಚೆಯೇ ಬರೆದು ಲಕೋಟೆಯಲ್ಲಿಡಿ. ಸ್ಪರ್ಧೆ ನಡೆಯುವಾಗ ತೀರ್ಪುಗಾರರು ಒಬ್ಬರೊಂದಿಗೊಬ್ಬರು ಮಾತಾಡಕೂಡದು, ಅಕ್ಕಪಕ್ಕ ಕೂರುವುದೂ ಬೇಡ.

ಮೊದಲು ಬಂದ ಮಗುವಿಗೆ ಬಿಗಿ ಕೈಯಿಂದ ಅಂಕ ಬೀಳುವುದು ಎಲ್ಲ ಕಡೆ ಇರುವ ರೋಗ. ಅದಕ್ಕೆ ಸ್ಪರ್ಧೆಯಲ್ಲಿಲ್ಲದ ಯಾರಿಂದಲಾದರೂ ಒಂದು ಭಾಷಣ ಮಾಡಿಸಿ, ಮೂವರೂ ಅಂಕ ಹಾಕಿ ಹೋಲಿಸಿಕೊಳ್ಳಲಿ. ಆ ಹಾಳೆ ಹರಿದುಹಾಕಿ ನಿಜವಾದ ಸ್ಪರ್ಧೆ ಶುರುಮಾಡಿ.

1924ರಲ್ಲಿ ಅಮೆರಿಕದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಕಲಿಕೆಯ ಸಂಸ್ಥೆಯ ಆಶುಭಾಷಣ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ವಿಷಯ, ಸರದಿ ಬರುವವರೆಗೆ ಉಳಿದವರು ಕೋಣೆಯ ಹೊರಗೆ. 1 ನಿಮಿಷಕ್ಕೆ ಹಸಿರು ದೀಪ, ಒಂದೂವರೆಗೆ ಹಳದಿ, 2ಕ್ಕೆ ಕೆಂಪು. ಒಂದು ನಿಮಿಷಕ್ಕಿಂತ ಕಡಿಮೆ ಅಥವಾ ಎರಡೂವರೆ ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಒಂದೇ ವಿಷಯ, ಬಣ್ಣದ ಸೂಚನೆ ಎರಡನ್ನೂ ಧಾರಾಳವಾಗಿ ಎರವಲು ತನ್ನಿ. ಬಣ್ಣದ ಕಾರ್ಡ್ ಎತ್ತಿ ತೋರಿಸಿದರೂ ಸಾಕು. ಹೊರಹಾಕುವ ನಿಯಮ ಮಾತ್ರ ಮಕ್ಕಳಿಗೆ ಬೇಡ, 1 ಅಂಕ ಕಳೆದರಾಯಿತು.

ಪ್ರಶ್ನೆ: ಮಗಳು ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ತುಳು. ಕನ್ನಡ ಆಶುಭಾಷಣದಲ್ಲಿ ‘ಸ್ಟೇಷನ್’, ‘ಉಂಟು’ ಎಂದಿದ್ದಕ್ಕೆ ಅಂಕ ಕಳೆದರು. ಇದು ಸರಿಯೇ?
– ತಾಯಿ, ಮೀರಾ ರೋಡ್

ಉತ್ತರ: ಸರಿಯಲ್ಲ. ‘ಸ್ಟೇಷನ್’ ಎಲ್ಲ ಕನ್ನಡಿಗರ ಬಾಯಲ್ಲಿರುವ ಮಾತು, ‘ಉಂಟು’ ಕರಾವಳಿಯ ಒಳ್ಳೆಯ ಕನ್ನಡ. ಇಡೀ ವಾಕ್ಯವೇ ಹಿಂದಿಗೋ ಇಂಗ್ಲಿಷಿಗೋ ಜಾರಿದಾಗ ಕಳೆಯಬಹುದು, ಅದೂ ಭಾಷೆಯ 3 ಅಂಕದೊಳಗೆ ಮಾತ್ರ. ಮುಂದಿನ ಸಲ ಅಂಕಪಟ್ಟಿಯ ನಮೂನೆಯನ್ನು ಮೊದಲೇ ಕೇಳಿ ಪಡೆಯಿರಿ, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಮಾತಿನ ನಡುವೆ ಮಗು ನಿಂತುಬಿಟ್ಟರೆ ಏನು ಮಾಡಬೇಕು?
– ಶಿಕ್ಷಕ, ವಡಾಲಾ

ಉತ್ತರ: 5 ಸೆಕೆಂಡ್ ಕಾಯಿರಿ. ಚಪ್ಪಾಳೆ ಬೇಡ, ತಟ್ಟಿದರೆ ಇಳಿದು ಬಾ ಎಂದೇ ಮಗುವಿಗೆ ಅನಿಸುತ್ತದೆ. ವಿಷಯವನ್ನು ಮೆಲ್ಲಗೆ ಮತ್ತೊಮ್ಮೆ ಓದಿ. ಆಗಲೂ ಮಾತು ಬರದಿದ್ದರೆ, “ನೀನು ಇದನ್ನು ಎಲ್ಲಿ ನೋಡಿದ್ದೀ?” ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಎಲ್ಲಿ ಎಂಬುದಕ್ಕೆ ಉತ್ತರ ಸುಲಭ, ‘ಏಕೆ’ ಎಂದರೆ ಇನ್ನಷ್ಟು ಗಾಬರಿಯಾಗುತ್ತದೆ. ಹೀಗೆ ನೆರವು ಪಡೆದು ಮುಂದುವರಿದರೆ ಕಟ್ಟಿದ ರೀತಿಯಲ್ಲಿ 1 ಅಂಕ ಮಾತ್ರ ಕಳೆಯಿರಿ. ಉಗ್ಗುವ ಮಗುವಿಗೆ ಈ ಯಾವ ಕಡಿತವೂ ಬೇಡ. ಅದಕ್ಕೆ ಸಮಯವನ್ನು 3 ನಿಮಿಷಕ್ಕೆ ಏರಿಸಿ, ಇದನ್ನು ತೀರ್ಪುಗಾರರಿಗೆ ಮೊದಲೇ ಖಾಸಗಿಯಾಗಿ ತಿಳಿಸಿಡಿ.